ನಾಲೆ ಕಾಯೋಳ ಬೆನ್ನಿನ ಗಂಟು

ಶೋಭಿತಾಳಿಗೆ ಸಿಟ್ಟು ಬರುವುದಕ್ಕೆ ಹೊತ್ತುಗೊತ್ತು ಬೇಕಿರಲಿಲ್ಲ. ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಸ್ಯಾಂಪಲ್ ಟೈಲರ್ ಅವಳು. ಹೊಸ ಅಂಗಿಯ ಮೊದಲ ತುಂಡು ಹೊಲಿದು ತೋರಿಸುವುದು ಅವಳ ಕೆಲಸ; ಆಮೇಲೆ ಅದನ್ನು ನೋಡಿಕೊಂಡು ಐನೂರು ಜನ ಹೊಲಿಯುತ್ತಾರೆ. ಕೆಲಸಕ್ಕೆ ಸೇರಿದ ವರ್ಷವೇ ಸೂಪರ್‌ವೈಸರ್ ಒಬ್ಬ ಅವಳು ಹೊಲಿದ ಕಾಲರನ್ನು ಮೇಲಿನವರ ಮುಂದೆ ಹಿಡಿದು, ನಾನೇ ಕೂತು ಮಾಡಿದ್ದು ಎಂದುಬಿಟ್ಟ. ಅವಳು ಅಲ್ಲೇ, ಎಲ್ಲರೆದುರಿಗೆ, "ಸಾರ್, ಈ ಸೂಜಿಗೊಂದು ದಾರ ಪೋಣ್ಸಿ ತೋರ್ಸಿ ನೋಡಾನ" ಎಂದಳು. ಆತ ಪೋಣಿಸಲಿಲ್ಲ. ಅವಳ ಸಂಬಳವೂ ಆ ವರ್ಷ ಏರಲಿಲ್ಲ. "ಬಾಯೊಂದ್ ಸುಮ್ಕಿದ್ದಿದ್ರೆ ಇಷ್ಟೊತ್ಗೆ ನೀನೇ ಸೂಪರ್‌ವೈಸರಾಗಿರ್ತಿದ್ದೆ ಕಣೆ" ಎಂದು ತಾಯಿ ಮರಿತಾಯಮ್ಮ ಈಗಲೂ ಬೈಯುತ್ತಾಳೆ.

ಅಪ್ಪ ನಾಗಯ್ಯನದು ಇದಕ್ಕೆ ತದ್ವಿರುದ್ಧ. ಅವನ ಬಾಯಿಂದ ಮಾತು ತೆಗೆಸಬೇಕಾದರೆ ಇಕ್ಕಳ ಬೇಕು. ಮಳವಳ್ಳಿ ಕಡೆಯ ತಮ್ಮೂರಿನಿಂದ ದಿನಾ ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೋಗಿ, ದೇವರಾಜು ಎಂಬವರ ನಾಟಕದ ಡ್ರೆಸ್ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಕಿರೀಟ, ಎದೆಗವಚ, ಭುಜಕೀರ್ತಿ ಮಾಡುತ್ತಿರುವವನು. ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕ ಆಡದ ಊರು ಎಲ್ಲಿದೆ ಹೇಳಿ? ಕಬ್ಬು ಕಡಿದ ಕೈಗಳೇ ಸುಗ್ಗಿ ಮುಗಿದ ಮೇಲೆ ಗದೆ ಹಿಡಿಯುತ್ತವೆ. ಆ ರಾಜರಿಗೆಲ್ಲ ರಟ್ಟು, ಹುಣಸೆಬೀಜದ ಅಂಟು, ಮಿರಮಿರ ಮಿಂಚುವ ಬೇಗಡೆ ಹಾಳೆ ಸೇರಿಸಿ ರಾಜಕಳೆ ತಂದುಕೊಡುವವನು ನಾಗಯ್ಯ. ನಾಟಕದ ದಿನ ಪರದೆಯ ಹಿಂದೆ ನಿಂತು ಎಲ್ಲರ ಬೆನ್ನಿಗೆ ಕವಚ ಕಟ್ಟುವವನೂ ಅವನೇ. ಮೈಕಿನಲ್ಲಿ ಪಾತ್ರ ಮಾಡಿದವರ ಹೆಸರು ಬರುತ್ತಿತ್ತು, ಹಾರ ಹಾಕಿದವರ ಹೆಸರು ಬರುತ್ತಿತ್ತು, ಕೊನೆಗೆ ಜನರೇಟರಿನವನ ಹೆಸರೂ ಬರುತ್ತಿತ್ತು. ನಾಗಯ್ಯನ ಹೆಸರು ಬರುತ್ತಿರಲಿಲ್ಲ. ರಾಜಾಪಾರ್ಟು ಮುಂದಿನ ಬೀದಿಯವರಿಗೆ, ಕಟ್ಟುವ ಕೆಲಸ ಇವನಿಗೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಮೀರಿದವರೂ ಇರಲಿಲ್ಲ. ಪಕ್ಕದ ಪರದೆ ದಾಟಿ ರಂಗದ ಮೇಲೆ ಒಂದು ಹೆಜ್ಜೆ ಇಟ್ಟವನಲ್ಲ ಅವನು.

ಮಾಡಿದ ಪ್ರತಿ ಕವಚದ ಒಳಮೈಯಲ್ಲಿ ಅವನೇ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದ: 'ದೇವರಾಜು ಡ್ರಾಮಾ ಡ್ರೆಸ್, ಮಂಡ್ಯ.' "ನಿನ್ ಹೆಸ್ರು ಬರ್ಕೊಳ್ಳಕೇನಾಗಿತ್ತಪ್ಪ ನಿಂಗೆ?" ಎಂದು ಮಗಳು ಹತ್ತು ಸಲ ಕೇಳಿದ್ದಾಳೆ. "ಒಳಗ್ ಬರ್ದಿದ್ದ ಯಾರ್ ಓದ್ತರೆ ಬುಡವ್ವ" ಎಂದು ಅವನು ಹತ್ತು ಸಲವೂ ಹೇಳಿದ್ದಾನೆ.

ಶೋಭಿತಾ ರಟ್ಟು, ಅಂಟುಗಳ ನಡುವೆಯೇ ಬೆಳೆದಳು. ಆದರೆ ಅವಳಿಗೆ ಹಿಂದಿನ ಕಾಲದ ರಾಜರು ಬೇಕಿರಲಿಲ್ಲ, ಮುಂದಿನ ಕಾಲ ಬೇಕಿತ್ತು. ಅವಳೂರು ನಾಲೆಯ ಕೊನೆಯ ಊರು. ಮೇಲಿನವರೆಲ್ಲ ಕುಡಿದು ಬಿಟ್ಟಮೇಲೆ ಬಂದಷ್ಟು ನೀರು. ಇನ್ನು ಇನ್ನೂರು ವರ್ಷ ಕಳೆದ ಮೇಲೆ ನೀರನ್ನು ಲೋಟದಲ್ಲಿ ಅಳೆದು ಕೊಡುವ ಕಾಲ ಬಂತು ಎಂದಿಟ್ಟುಕೊಂಡು, ತೂಬಿನ ಬಾಯಲ್ಲಿ ನಿಂತು ಮಗುವಿಗೂ ಮಂತ್ರಿಗೂ ಒಂದೇ ಲೋಟ ಎನ್ನುವ ಒಬ್ಬ ಯಂತ್ರದ ಹೆಂಗಸನ್ನು ಅವಳು ಕಲ್ಪಿಸಿಕೊಂಡಳು. ಅವಳಿಗೆ 'ನಾಲೆ ಕಾಯೋಳು' ಎಂದು ಹೆಸರಿಟ್ಟಳು. ಎದೆಯ ಮೇಲೊಂದು ದೀಪ. ಅಣೆಕಟ್ಟೆ ತುಂಬಿದ್ದರೆ ನೀಲಿ, ತಳ ಕಂಡರೆ ಕೆಂಪು. ಭುಜಕ್ಕೆ ಹನಿ ನೀರಾವರಿಯ ಪೈಪು, ತಲೆಗೆ ಸೀಳಿದ ಪ್ಲಾಸ್ಟಿಕ್ ಬಿಂದಿಗೆ. ಎದೆಗವಚವನ್ನು ಅಪ್ಪ ಅಚ್ಚಿನ ಮೇಲೆ ಏಳು ಪದರ ರಟ್ಟು ಅಂಟಿಸಿ ಎಬ್ಬಿಸಿಕೊಟ್ಟ. ಕಥೆಯೊಳಗಿನ ಪಾತ್ರದಂತೆ ವೇಷ ಹಾಕಿಕೊಂಡು ಬರುವುದಕ್ಕೆ ಬೆಂಗಳೂರಿನವರು ಕಾಸ್‌ಪ್ಲೇ ಅನ್ನುತ್ತಾರಂತೆ. ನಾಗಯ್ಯ ಅದನ್ನು ಕೇಳಿ, "ವೇಸ ಅನ್ನು ಮತ್ತೆ" ಎಂದ.

ಅಪ್ಪ ಹೆಮ್ಮೆಗೆ ಆ ಇಡೀ ವೇಷವನ್ನು ಮಂಡ್ಯದ ಅಂಗಡಿಯ ಮುಂಬಾಗಿಲಿಗೆ ನೇತುಹಾಕಿದ್ದೇ ತಪ್ಪಾಯಿತು ನೋಡಿ. ಒಂದು ದಿನ ಕಾರಿನಲ್ಲಿ ಬಂದ ಯಾರೋ ಒಬ್ಬ ಅದನ್ನು ಮೂರು ದಿನಕ್ಕೆ ಬಾಡಿಗೆಗೆ ಕೇಳಿದ. ಆ ಧಂದೆಯಲ್ಲಿ ಗಿರಾಕಿಯ ಹೆಸರು ಕೇಳುವ ಪದ್ಧತಿ ಇಲ್ಲ, ಕಾಗದವಂತೂ ಇಲ್ಲವೇ ಇಲ್ಲ. ಯಾವೂರು, ಯಾವತ್ತು ನಾಟಕ, ಎರಡೇ ಪ್ರಶ್ನೆ. ಊರೇ ಜಾಮೀನು. ಕಿರೀಟ ವಾಪಸ್ ಬರದಿದ್ದರೆ ಇಡೀ ಊರಿನ ಮಾನ ಹೋಗುತ್ತದೆಂದು ಊರವರೇ ಹೊತ್ತು ತರುತ್ತಾರೆ. ಬಂದವನು "ಕೆರಗೋಡು" ಎಂದ. ನಾಗಯ್ಯ ಒಪ್ಪಂದದ ಗುರುತಿಗೆ ಎಲೆಅಡಿಕೆ ಇಸಿದುಕೊಂಡು ವೇಷ ಕೊಟ್ಟುಬಿಟ್ಟ. ಮೂರು ದಿನ ಮೂರು ವಾರವಾದಾಗ ಶೋಭಿತಾ ಖುದ್ದು ಕೆರಗೋಡಿಗೆ ಬಸ್ ಹತ್ತಿದಳು. ಅಲ್ಲಿ ನಾಟಕವೂ ಇರಲಿಲ್ಲ, ಅಂಥವನೂ ಇರಲಿಲ್ಲ. ನಮ್ಮೂರ ಯಾರೋ ಹಳಬರ ಮೊಮ್ಮಗ ಇರಬೇಕು, ಬೆಂಗಳೂರಲ್ಲೇ ಹುಟ್ಟಿದವನು ಎಂದರು ಊರವರು.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!" ಎಂದು ಅವತ್ತು ಅಪ್ಪನಿಗೆ ಮಂಗಳಾರತಿ ಎತ್ತಿದಳು. ನಾಗಯ್ಯ ಅಂಟು ಕಲಸುತ್ತಾ ಕೂತಿದ್ದ. "ಊರ್ ಹೆಸ್ರು ಸುಳ್ ಏಳ್ತರೆ ಅಂತ ನಂಗೇನ್ ಗೊತ್ತವ್ವ" ಎಂದ. ನಲವತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲವಂತೆ.

ಅಷ್ಟರಲ್ಲಿ ಬೆಂಗಳೂರಿನಿಂದ ವೀಣ ಎಂಬವಳ ಫೋನು ಬಂತು. ವೈಜ್ಞಾನಿಕ ಕಥೆಗಳ ದೊಡ್ಡ ಸಮಾವೇಶ, ಮೂರು ಸಾವಿರ ಜನ ಬರುತ್ತಾರೆ, ಈ ಸಲ ಮದ್ದೂರಿನ ಹತ್ತಿರ ಹೆದ್ದಾರಿಯ ಪಕ್ಕದ ಕನ್ವೆನ್ಷನ್ ಹಾಲಿನಲ್ಲಿ. ಕೈಯಲ್ಲಿ ವೇಷ ಮಾಡುವವರ ಚರ್ಚಾಗೋಷ್ಠಿಗೆ ಒಬ್ಬರು ಕೈಕೊಟ್ಟಿದ್ದಾರೆ. ನೆಟ್ಟಿನಲ್ಲಿ ನೀವು ಬೇಗಡೆ ಅಂಟಿಸುವ ವಿಡಿಯೊ ನೋಡಿದೆ, ಬರೀ ಕೈಗಳೇ ಕಾಣುತ್ತವೆ, ಬಹಳ ಚೆನ್ನಾಗಿದೆ, ನೀವು ಬಂದು ಮಾತಾಡಬೇಕು, ವೇಷ ಹಾಕಿಕೊಂಡೇ ಬನ್ನಿ ಎಂದಳು. ಶೋಭಿತಾ ದಿನಾ ಕಂಪನಿ ಬಸ್ಸಿನಲ್ಲಿ ದಾಟಿಹೋಗುವ ಕಟ್ಟಡ ಅದು. ಒಳಗೆ ಕಾಲಿಟ್ಟವಳಲ್ಲ. ಫೋನಿಗೆ ಬಂದ ಅರ್ಜಿಯಲ್ಲಿ 'ವೇಷ ತಯಾರಿಸಿದವರು' ಎಂಬ ಜಾಗದಲ್ಲಿ ಶೋಭಿತಾ ಎಂದು ತುಂಬಿ ಕಳಿಸಿದಳು. ಬಸ್ಸು ಕುಲುಕುತ್ತಿತ್ತು, ಬೇರೆ ಏನೂ ಯೋಚಿಸಲಿಲ್ಲ.

ವೇಷ ಎಲ್ಲಿತ್ತು ಹಾಕಿಕೊಂಡು ಹೋಗಲು? ಹತ್ತು ದಿನದಲ್ಲಿ ಅಪ್ಪ ಮಗಳು ಕೂತು ಅಂಥದ್ದೇ ಇನ್ನೊಂದು ಮಾಡಿದರು. ಮರಿತಾಯಮ್ಮ ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ ಬೀಸಿ ತೋಳು ನೋವೆಂದಳು. ರಟ್ಟು ಇನ್ನೂ ಹಸಿಯಿದ್ದಾಗಲೇ ಬಣ್ಣ ಬಿತ್ತು.

ಸಮಾವೇಶದ ದಿನ ನಾಗಯ್ಯನೂ ಜೊತೆಗೆ ಬಂದ, ಬಾರದೆ ವಿಧಿಯಿರಲಿಲ್ಲ. ಅವನ ಕವಚ ಒಬ್ಬರೇ ತೊಡುವಂಥದ್ದಲ್ಲ. ಬೆನ್ನ ಮೇಲೆ ಐದು ಜೊತೆ ದಾರ, ನಡುವಿನ ಜೊತೆಗೆ ಅವನದೇ ಒಂದು ಒಳಗಂಟು. ರಂಗದ ಮೇಲೆ ಗದಾಯುದ್ಧವಾದರೂ, ನಾಲ್ಕು ಜನ ಹಿಡಿದೆಳೆದರೂ ಬಿಚ್ಚದ ಗಂಟು, ಎಳೆದಷ್ಟೂ ಬಿಗಿಯುತ್ತದೆ. ಎಲ್ಲಿ ಹೆಬ್ಬೆರಳು ಒತ್ತಿ ಯಾವ ಎಳೆ ತೆಗೆಯಬೇಕೆಂದು ಅವನೊಬ್ಬನಿಗೇ ಗೊತ್ತು. ಮಗಳಿಗೂ ಕಲಿಸಿರಲಿಲ್ಲ. "ಕಟ್ಟಕೆ ನಾನಿಲ್ವಾ" ಎನ್ನುತ್ತಿದ್ದ.

ಹಾಲಿನ ಒಳಗೆ ಹೋದರೆ ಮಂಡ್ಯದ ನೆಲದಲ್ಲಿ ನಿಂತಿದ್ದೇವೆಂದು ಗೊತ್ತಾಗುವ ಹಾಗಿರಲಿಲ್ಲ. ಹಸಿರು ಮುಖದವರು, ನಾಲ್ಕು ಕೈಯವರು, ಬೆಳ್ಳಿಯ ಬೂಟಿನವರು. ಬೋರ್ಡುಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದ್ದದ್ದು 'ಇಲ್ಲಿ ಕೈ ತೊಳೆಯಬೇಡಿ' ಎಂಬುದೊಂದೇ, ಅದೂ ಹಾಲಿನವರು ಮೊದಲೇ ಬರೆಸಿಟ್ಟಿದ್ದು. ಶೋಭಿತಾಳಿಗೆ ಅಲ್ಲಿಂದಲೇ ಮೈ ಉರಿಯಲು ಶುರುವಾಯಿತು. ಅಪ್ಪ ಅವಳನ್ನು ಬಣ್ಣದ ಕೋಣೆಯಲ್ಲಿ ನಿಲ್ಲಿಸಿ, ಕವಚ ಕಟ್ಟಿ, ನೀರು ತರುತ್ತೇನೆಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖದಲ್ಲಿ ಸಣ್ಣ ನಗೆಯಿತ್ತು.

"ನಮ್ ಹಳೇ ಡ್ರೆಸ್ಸೂ ಇಲ್ಲೇ ಬಂದದೆ ಕಣೆ ಸೋಭಿ. ಆಚೆ ರೂಮಲ್ಲಿ ಯಾರೋ ಒಬ್ಬ ದಾರ ಕಟ್ಕೊಳ್ಳಕಾಗ್ದೆ ಒದ್ದಾಡ್ತಿದ್ದ. ಕಟ್ಬುಟ್ಟು ಬಂದೆ."

ಶೋಭಿತಾ ಸರಕ್ಕನೆ ತಿರುಗಿದಳು. "ಕದ್ದೋನ್ಗೆ ನೀನೇ ಕಟ್ಬುಟ್ ಬಂದ್ಯಾ?"

"ಮೊಕ ನೋಡ್ನಿಲ್ಲ ಕಣವ್ವ. ಬೆನ್ ತೋರುಸ್ದ, ಕಟ್ದೆ."

ಸರಿಯೇ. ನಲವತ್ತು ವರ್ಷ ಬರೀ ಬೆನ್ನುಗಳನ್ನೇ ನೋಡಿದ ಮನುಷ್ಯ. ಬೆನ್ನು ತೋರಿಸಿದವನೂ ಹಿಂದೆ ನಿಂತವನ ಮುಖ ನೋಡುವ ಗೋಜಿಗೆ ಹೋಗಿರಲಿಲ್ಲ. ಯಾವನವನು, ತೋರ್ಸು ಬಾ ಎಂದು ಅವಳು ಅಪ್ಪನ ತೋಳು ಹಿಡಿದೆಳೆಯುವಷ್ಟರಲ್ಲಿ ಹುಡುಗಿಯೊಬ್ಬಳು ಬಂದು, ಮೇಡಂ ಟೈಮಾಯ್ತು, ಸ್ಟೇಜಿಗೆ ಬನ್ನಿ ಎಂದು ಕರೆದೊಯ್ದಳು. ನಾಗಯ್ಯ ಅಭ್ಯಾಸದಂತೆ ಪಕ್ಕದ ಪರದೆಯ ಬಳಿ ನಿಂತುಕೊಂಡ.

ರಂಗದ ಮೇಲೆ ಮೂರು ಕುರ್ಚಿ. ನಡುವೆ ವೀಣ. ಆ ಕಡೆಯ ಕುರ್ಚಿಯಲ್ಲಿ ನಾಲೆ ಕಾಯೋಳು ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಎದೆಯ ದೀಪ ಕೆಂಪಗೆ ಉರಿಯುತ್ತಿತ್ತು. ಬಿಂದಿಗೆಯ ಶಿರಸ್ತ್ರಾಣ ತೆಗೆದಾಗ ಕಂಡ ಮುಖ ರಘುನಂದನ್ ಎಂಬವನದು, ಬೆಂಗಳೂರಿನಲ್ಲಿ ಈ ವೇಷಗಳಿಗೆ ಹೆಸರಾದವನಂತೆ. ಅವನು ಶೋಭಿತಾಳ ಮೈಮೇಲಿನ ಕವಚ ನೋಡಿ ಒಮ್ಮೆ ಕಣ್ಣು ಪಿಳುಕಿಸಿದ. ಆಮೇಲೆ ಏನೂ ಆಗದವನಂತೆ ಮೈಕು ತೆಗೆದುಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದ. ಈ ವೇಷದ ಹೆಸರು ಅಂತರಿಕ್ಷ ಯೋಧ ಅಂತೆ. ಮೂರು ತಿಂಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು, ತ್ರೀಡಿ ಪ್ರಿಂಟರಿನಲ್ಲಿ ಒಂದೊಂದೇ ಭಾಗ ತೆಗೆದು, ಒಬ್ಬನೇ ಕೂತು ಮಾಡಿದ್ದಂತೆ. ಎದೆಯ ದೀಪ ಕೆಂಪಾದರೆ ಶತ್ರುವಿನ ಮೇಲೆ ಬೆಂಕಿ ಉಗುಳುವ ಸೂಚನೆಯಂತೆ. ಸಭೆ ಚಪ್ಪಾಳೆ ತಟ್ಟಿತು.

ಅಣೆಕಟ್ಟೆಯ ತಳ ಕಂಡಿತೆಂದು ಕೆಂಪಾಗುವ ದೀಪ ಅದು! ಒಂದು ಲೋಟ ನೀರಿಗಾಗಿ ನಿಂತವಳನ್ನು ಈ ಮಹಾನುಭಾವ ಬೆಂಕಿ ಉಗುಳಲು ಕೂರಿಸಿದ್ದ. ಅವಳ ಹಲ್ಲು ಕಟಕಟ ಎಂದವು. ಆದರೂ ತಡೆದುಕೊಂಡಳು, ತನ್ನ ಸರದಿ ಬರಲಿ ಎಂದು.

ಸರದಿ ಬಂತು. ವೀಣ ನಗುನಗುತ್ತಾ ಇತ್ತ ತಿರುಗಿ, ಉಪಕಾರ ಮಾಡುವವಳಂತೆ ಕನ್ನಡಕ್ಕೆ ಇಳಿದಳು. "ಇವರು ಶೋಭಿತಾ, ಇಲ್ಲೇ ಫ್ಯಾಕ್ಟರಿಯಲ್ಲಿ ಟೈಲರ್. ರಘು ಡಿಸೈನ್ ಇವರಿಗೆ ಎಷ್ಟು ಇಷ್ಟ ಆಗಿದೆ ಅಂದ್ರೆ, ನೋಡಿ, ಹಾಗೇ ಕಾಪಿ ಮಾಡ್ಕೊಂಡು ಬಂದಿದಾರೆ! ಅಭಿಮಾನ ಅಂದ್ರೆ ಇದು. ಒಂದು ದೊಡ್ಡ ಚಪ್ಪಾಳೆ!"

ಚಪ್ಪಾಳೆಯೂ ಬಂತು. ಗೋಷ್ಠಿಗೆ ಸೇರಿದ್ದ ನಾನೂರು ಜನ, ಪಾಪ, ಮನಸಾರೆ ತಟ್ಟಿದರು. ರಘುನಂದನ್ ದೊಡ್ಡ ಮನಸ್ಸು ಮಾಡಿ ತಾನೂ ಎರಡು ಸಲ ತಟ್ಟಿದ.

ಶೋಭಿತಾ ಎದ್ದು ನಿಂತಳು. ಬರೆದುಕೊಂಡು ಬಂದಿದ್ದ ಚೀಟಿ ಕೈಯಲ್ಲೇ ಮುದುಡಿತು.

"ಏನಂದ್ರಿ? ಕಾಪಿನಾ? ಉಂಡೂ ಓದ ಕೊಂಡೂ ಓದ ಅಂದ್ರೆ ಇದೇ! ಮೂರ್ ದಿನಕ್ಕೆ ಅಂತ ಮಂಡ್ಯದಲ್ಲಿ ಬಾಡ್ಗೆ ತಕೊಂಡೋಗಿ, ಊರ್ ಹೆಸ್ರು ಸುಳ್ಳೇಳಿ, ಒಂದೂವರೆ ತಿಂಗ್ಳಿಂದ ನಮ್ ಮನೆ ವೇಸ ಆಕೊಂಡ್ ಮೆರೀತಾವ್ನೆ ಇವ್ನು. ನಾಚ್ಕೆ ಆಗಲ್ವೇನಯ್ಯ ನಿಂಗೆ?"

ರಘುನಂದನ್ ನಕ್ಕ. "ಮೇಡಂ ಸ್ವಲ್ಪ ಎಮೋಷನಲ್ ಆಗಿದಾರೆ. ಒಂದೇ ಥರದ ಐಡಿಯಾ ಇಬ್ಬರಿಗೆ ಬರಬಹುದು. ನಿಮ್ಮ ಹತ್ರ ಬಿಲ್ ಇದೆಯಾ? ರಸೀದಿ?"

ಬಿಲ್ಲು! ಎಲೆಅಡಿಕೆಗೆ ಯಾರು ರಸೀದಿ ಬರೆಯುತ್ತಾರೆ? ವೀಣ ಮೈಕಿನ ಕಡೆ ಕೈ ಚಾಚಿದಳು, ಸಾಕು ಕೂತುಕೊಳ್ಳಿ ಎಂಬಂತೆ. ಶೋಭಿತಾ ಮೈಕನ್ನು ಎದೆಗೆ ಒತ್ತಿಕೊಂಡಳು. ಈಗ ಕೂತರೆ ಈ ಜನ್ಮಕ್ಕೂ ತಾನು ಕಾಪಿ ಮಾಡಿದವಳೇ ಎಂಬುದು ಅವಳಿಗೆ ಸೂರ್ಯನಷ್ಟು ಸ್ಪಷ್ಟವಾಗಿತ್ತು.

"ರಸೀದಿ ಇಲ್ಲ," ಎಂದಳು. "ನೀನೊಬ್ನೇ ಮಾಡಿದ್ದು ಅಂದ್ಯಲ್ಲ. ಬಿಚ್ಚು ನೋಡಾನ."

"ಬೆನ್ನಿಗೆ ಕೈ ಎಟುಕಲ್ಲ ಮೇಡಂ. ನೀವು ನಿಮ್ಮದನ್ನು ಬಿಚ್ಕೊಳ್ಳಿ ನೋಡೋಣ."

"ನನ್ ಕೈಲೂ ಆಗಲ್ಲ. ಯಾರ್ ಕೈಲಾಯ್ತದೆ ಅಂತ ನಂಗೊತ್ತು. ನಿಂಗೊತ್ತಾ? ಯಾರ್ ಬಿಚ್ತಾರೋ ಕರಿ, ನಿಂತಿರ್ತೀನಿ."

ರಘುನಂದನ್ ತನ್ನ ಸ್ನೇಹಿತನನ್ನು ಕರೆದ. ಅವನು ಬಂದು ಹೊರಗಿನ ನಾಲ್ಕು ಗಂಟು ಬಿಚ್ಚಿ, ನಡುವಿನದಕ್ಕೆ ಕೈ ಹಾಕಿ ನಿಂತುಬಿಟ್ಟ. ಎಳೆದ, ಬಿಗಿಯಿತು. ಇನ್ನೊಬ್ಬ ಬಂದ. ಅವನೂ ಎಳೆದ, ಇನ್ನಷ್ಟು ಬಿಗಿಯಿತು. ರಘುನಂದನನ ಮುಖ ಕೆಂಪಾಯಿತು, ಉಸಿರು ಮೇಲೆ ಕೆಳಗೆ ಆಗತೊಡಗಿತು. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನೀನೇ ಮಾಡಿದ್ದಲ್ವಾ, ಹೇಗೆ ಬಿಚ್ಚೋದು ಹೇಳು ಎಂದು ಸ್ನೇಹಿತನೇ ಕೇಳಿದ. ರಘುನಂದನ್ "ಕಟ್ ಮಾಡ್ರೋ, ಸುಮ್ನೆ ಕಟ್ ಮಾಡ್ರೋ" ಎಂದು ಕೂಗಿದ. ವೀಣ ಬ್ಯಾಗಿನಿಂದ ಕತ್ತರಿ ತೆಗೆದುಕೊಟ್ಟಳು.

ಕತ್ತರಿ ದಾರಕ್ಕೆ ತಾಗುವುದರೊಳಗೆ ಪಕ್ಕದ ಪರದೆ ಸರಿಯಿತು.

"ಕತ್ರಿ ಆಕ್ಬ್ಯಾಡಿ! ಅಯ್ಯೋ, ಕತ್ರಿ ಆಕ್ಬ್ಯಾಡಿ ಕಣ್ರಪ್ಪ!"

ನಾಗಯ್ಯ ಚಪ್ಪಲಿಯನ್ನು ಪರದೆಯಾಚೆಗೇ ಬಿಟ್ಟು, ಬರಿಗಾಲಿನಲ್ಲಿ ದೀಪದ ಬೆಳಕಿಗೆ ಓಡಿಬಂದ. ಸಭೆಯ ಕಡೆ ನೋಡಲೂ ಇಲ್ಲ. ರಘುನಂದನನ ಬೆನ್ನ ಹಿಂದೆ ನಿಂತು, ಹೆಬ್ಬೆರಳು ಒತ್ತಿ, ಒಳಗಿನ ಒಂದು ಎಳೆಯನ್ನು ಹೀಗೆ ತೆಗೆದ ಅಷ್ಟೆ. ಗಂಟು ಬಿಚ್ಚಿಕೊಂಡಿತು. ಕವಚವನ್ನು ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು, "ಉಸ್ರು ಬುಡಪ್ಪ ಈಗ" ಎಂದ.

ಕವಚದ ಒಳಮೈ ಸಭೆಯ ಕಡೆಗಿತ್ತು. ಕೆಂಪು ಅಕ್ಷರಗಳು ಕೊನೆಯ ಸಾಲಿನವರಿಗೂ ಕಂಡವು. ಯಾರೋ ಜೋರಾಗಿ ಓದಿದರು, "ದೇವರಾಜು ಡ್ರಾಮಾ ಡ್ರೆಸ್, ಮಂಡ್ಯ." ತ್ರೀಡಿ ಪ್ರಿಂಟರ್ ಕನ್ನಡ ಚೆನ್ನಾಗಿ ಕಲ್ತದೆ ಎಂದು ಇನ್ಯಾರೋ ಕೂಗಿದರು. ನಾನೂರು ಜನರ ನಗೆ ಹಾಲನ್ನು ನಡುಗಿಸಿತು. ರಘುನಂದನ್ ಬನಿಯನ್ನಿನಲ್ಲಿ ನಿಂತಿದ್ದವನು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ. ತಪ್ಪಾಯಿತು ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ವೀಣ ಬೆವರು ಒರೆಸಿಕೊಂಡು ನಾಗಯ್ಯನ ಮುಂದೆ ಮೈಕು ಹಿಡಿದಳು. "ಸರ್, ಇದನ್ನು ಮಾಡಿದ್ದು ಯಾರು? ಎಲ್ಲರಿಗೂ ಕೇಳೋ ಹಾಗೆ ಹೇಳಿ."

ನಾಗಯ್ಯ ಗಂಟಲು ಸರಿಮಾಡಿಕೊಂಡ. "ದೇವರಾಜು ಡ್ರಾಮಾ ಡ್ರೆಸ್, ಮಂಡ್ಯ" ಎಂದ.

ಶೋಭಿತಾಳಿಗೆ ರಘುನಂದನನ ಮೇಲೂ ಬಾರದಷ್ಟು ಸಿಟ್ಟು ಬಂತು. "ನಿನ್ ಹೆಸ್ರು ಕಣಪ್ಪ! ನಿನ್ ಹೆಸ್ರು ಏಳು ಅಂತ ಕೇಳ್ತಾವ್ರೆ! ನಲವತ್ ವರ್ಸದಿಂದ ಇದೇ ಆಯ್ತು ನಿಂದು..." ಎನ್ನುತ್ತಾ ಅವನ ಕಡೆ ಎರಡು ಹೆಜ್ಜೆ ಇಟ್ಟವಳು ಹಾಗೇ ನಿಂತಳು. ಮುಂದಿನ ಮೇಜಿನ ಮೇಲೆ ಗೋಷ್ಠಿಯ ಹಾಳೆಯಿತ್ತು. ಅರ್ಜಿಯಿಂದ ಎತ್ತಿ ಅಚ್ಚು ಹಾಕಿದ್ದರು: ವೇಷ ತಯಾರಿಸಿದವರು, ಶೋಭಿತಾ. ಮುಂದೆ ಏನೂ ಇರಲಿಲ್ಲ. ಏಳು ಪದರ ರಟ್ಟು ಅಂಟಿಸಿದವನಿಗೆ ಆ ಸಾಲಿನಲ್ಲಿ ಜಾಗವೇ ಇರಲಿಲ್ಲ. ಒಬ್ಬನೇ ಕೂತು ಮಾಡಿದ್ದು ಅಂತ ರಘುನಂದನ್ ಬಾಯಲ್ಲಿ ಹೇಳಿದ್ದ. ಇವಳು ಬರೆದೇ ಕೊಟ್ಟಿದ್ದಳು.

ಮೈಯೆಲ್ಲ ಬೆಂಕಿಯಾಯಿತು, ಈ ಸಲ ತನ್ನ ಮೇಲೆ. ಅವಳು ಆ ಹಾಳೆ ಎತ್ತಿ ಹಿಡಿದಳು.

"ಒಂದ್ ಮಾತು," ಎಂದಳು ಮೈಕಿನಲ್ಲಿ. "ಅವ್ನಿಗೆ ಬೈದಿದ್ದು ಬೈದಿದ್ದೇ, ವಾಪಸ್ ತಕೊಳಲ್ಲ. ಆದ್ರೆ ಇದ್ರಲ್ಲಿ ನನ್ನೊಬ್ಳ ಹೆಸ್ರು ಬರ್ದವ್ಳು ನಾನೇ. ಇದೂ ಸುಳ್ಳೇ. ಬಟ್ಟೆ, ದೀಪ, ಯೋಚ್ನೆ ನಂದು. ಕವಚ, ಗಂಟು ನಮ್ಮಪ್ಪಂದು. ಬರೀಲಿಲ್ಲ ನಾನು."

ನಾಗಯ್ಯ ಕವಚ ಎತ್ತಿಕೊಂಡು ಮೆಲ್ಲಗೆ ಪರದೆಯ ಕಡೆಗೆ ಹೊರಟಿದ್ದ. ಅವಳು ಓಡಿಹೋಗಿ ತೋಳು ಹಿಡಿದಳು.

"ಎಲ್ಲಿಗೋಯ್ತಿಯಾ? ಕೂತ್ಕೊ ಇಲ್ಲಿ."

"ಚಪ್ಲಿ ಅಲ್ಲೇ ಅದೆ ಕಣವ್ವ."

"ಇರ್ಲಿ. ಕೂತ್ಕೊ ಅಂದೆ."

ಖಾಲಿಯಾಗಿದ್ದ ಆ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದುಹೋಗುವವನಂತೆ ನಾಗಯ್ಯ ಕೂತ. ಮೇಜಿನ ಮೇಲೆ ರಘುನಂದನ್ ಎಂಬ ಹೆಸರಿನ ರಟ್ಟಿನ ಪಟ್ಟಿ ಇನ್ನೂ ನಿಂತಿತ್ತು. ಶೋಭಿತಾ ಅದನ್ನು ತಿರುವಿಹಾಕಿ, ಖಾಲಿ ಬೆನ್ನು ಮೇಲೆ ಮಾಡಿ, ಅಲ್ಲೇ ಇದ್ದ ಮಾರ್ಕರ್ ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು.

"ಬರಿ."

ಅವನು ಬಗ್ಗಿ ಬರೆಯತೊಡಗಿದ. ಕೈ ತಾನಾಗಿ 'ದೇ' ಎಂದು ಬರೆದುಬಿಟ್ಟಿತ್ತು. ಮಗಳು ಹಿಂದೆ ನಿಂತು ನೋಡುತ್ತಿದ್ದಳು. ಅವನು ಒಮ್ಮೆ ಅವಳ ಮುಖ ನೋಡಿದ, ಬರೆದದ್ದನ್ನು ಹೊಡೆದುಹಾಕಿದ, ಕೆಳಗೆ ಬಿಡಿಸಿ ಬಿಡಿಸಿ ನಾಗಯ್ಯ ಎಂದು ಬರೆದ. ಬರೆದು ಸಭೆಯ ಕಡೆಗೆ ತಿರುಗಿಸಿಟ್ಟ.